ಅಜ್ಜನ ಕೋವಿ, ಮನೆಯಲ್ಲೇ ಎರಕ ಹೊಯ್ದ ಗುಂಡು: 12 ಬೋರ್ ಅನ್ನೋ ನಂಬರ್ ಎಲ್ಲಿಂದ ಬಂತು?

ಇಯರ್‌ಫೋನ್ ಮನೇಲಿ ಬಿಟ್ಟು ಬಂದವರಿಗೆ, ಬಸ್ಸಿನ ಗದ್ದಲದಲ್ಲಿ ಕೇಳೋಕಾಗದವರಿಗೆ ಈ ವಾರದ ಎಪಿಸೋಡಿನ ಬರಹ ಇಲ್ಲಿದೆ.

ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳಲ್ಲಿ ‘ಹನ್ನೆರಡು ಬೋರ್’ ಅನ್ನೋ ಮಾತು ಕೇಳಿರ್ತೀರಿ. ಹನ್ನೆರಡು ಏನು? ಇಂಚಾ, ಮಿಲಿಮೀಟರಾ? ಎರಡೂ ಅಲ್ಲ. ಅದು ಸೀಸದ ಗುಂಡುಗಳ ಎಣಿಕೆ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ, ಆ ಗುಂಡು ಸರಿಯಾಗಿ ಹಿಡಿಸುವಷ್ಟು ಅಗಲದ ನಳಿಗೆಗೆ 12 ಬೋರ್ ಅಂತ ಹೆಸರು. 16 ಗುಂಡು ಮಾಡಿದರೆ ಒಂದೊಂದೂ ಸಣ್ಣದಾಗುತ್ತೆ. ಅದಕ್ಕೇ 16 ಬೋರ್ ನಳಿಗೆ 12ಕ್ಕಿಂತ ಕಿರಿದು.

ನಾನು ಬಿ.ಕಾಂ. ಓದಿದೋಳು, ಲೆಕ್ಕ ಹಾಕದೆ ನಂಬಲ್ಲ. ಒಂದು ಪೌಂಡ್ ಅಂದ್ರೆ 453.6 ಗ್ರಾಂ. 12ರಿಂದ ಭಾಗಿಸಿದರೆ ಒಂದು ಗುಂಡಿಗೆ 37.8 ಗ್ರಾಂ. ಸೀಸ ನೀರಿಗಿಂತ ಸುಮಾರು 11.3 ಪಟ್ಟು ಭಾರ. ಅಷ್ಟು ತೂಕದ ಸೀಸವನ್ನ ಗೋಲಿ ಮಾಡಿದರೆ ಅಡ್ಡಳತೆ ಸುಮಾರು 18.5 ಮಿಲಿಮೀಟರ್ ಬರುತ್ತೆ. ಇವತ್ತಿನ 12 ಬೋರ್ ಕೋವಿಯ ನಳಿಗೆಯೂ ಹೆಚ್ಚುಕಮ್ಮಿ ಅಷ್ಟೇ ಇದೆ. ಅಂದ್ರೆ ಈಗ ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ತೋಟೆಯ ಮೇಲಿನ ನಂಬರಲ್ಲೂ, ಒಂದು ಕಾಲದಲ್ಲಿ ಯಾರೋ ಒಲೆ ಮುಂದೆ ಕೂತು ಸೀಸ ಕರಗಿಸಿದ ಲೆಕ್ಕ ಉಳಿದುಕೊಂಡಿದೆ.

ಆ ಕಾಲದಲ್ಲಿ ಗುಂಡನ್ನ ಮನೇಲಿ ಯಾಕೆ ಮಾಡ್ತಿದ್ರು? ಕಾರಣ ಸಿಂಪಲ್. ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿಯೋ ಕೋವಿಗಳಲ್ಲಿ ಒಂದರ ನಳಿಗೆ ಇದ್ದಂಗೆ ಇನ್ನೊಂದರದ್ದು ಇರ್ತಿರಲಿಲ್ಲ. ಕೈಯಿಂದ ಬಡಿದು ಮಾಡಿದ ಕಬ್ಬಿಣ, ಕೂದಲೆಳೆಯಷ್ಟಾದರೂ ವ್ಯತ್ಯಾಸ ಇದ್ದೇ ಇರುತ್ತೆ. ಗುಂಡು ದಪ್ಪ ಆದರೆ ಒಳಗೆ ಇಳಿಯಲ್ಲ, ಸಣ್ಣದಾದರೆ ಪಕ್ಕದಿಂದ ಹೊಗೆ ಸೋರಿ ಗುರಿ ತಪ್ಪುತ್ತೆ. ಹಾಗಾಗಿ ಯುರೋಪು, ಅಮೆರಿಕದಲ್ಲಿ ಕೋವಿ ಕೊಂಡರೆ ಅದರ ಅಳತೆಗೆ ಕೊರೆದ ಇಕ್ಕಳದಂಥ ಅಚ್ಚನ್ನೂ ಜೊತೆಗೇ ಕೊಡೋ ರೂಢಿ ಇತ್ತು. ಲೋಹಗಳಲ್ಲಿ ಸೀಸವನ್ನೇ ಆರಿಸಿದ್ದಕ್ಕೂ ಕಾರಣ ಇದೆ. ಅದು 327 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುತ್ತೆ, ಅಡುಗೆಮನೆ ಒಲೆಯ ಕೆಂಡವೇ ಸಾಕು. ಕಬ್ಬಿಣ ಕರಗೋಕೆ 1,500 ಡಿಗ್ರಿ ದಾಟಬೇಕು. ಮೇಲಾಗಿ ಸೀಸ ಮೆತ್ತಗೆ, ನಳಿಗೆಯನ್ನ ಕೆರೆಯಲ್ಲ.

ಇದೆಲ್ಲ ಬದಲಾಗಿದ್ದು ಸೈನ್ಯದ ರೈಫಲ್‌ನಿಂದ. ರೈಫಲ್ ಅಂದ್ರೆ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರು ಕೊರೆದ ಬಂದೂಕು. ಗುಂಡು ಆ ಗೀರುಗಳನ್ನ ಕಚ್ಚಿಕೊಂಡು ಬುಗುರಿ ಥರ ತಿರುಗುತ್ತಾ ಹೊರಡುತ್ತೆ, ಹಾಗಾಗಿ ನೇರ ಹೋಗುತ್ತೆ. ಆದ್ರೆ ಕಚ್ಚಿಕೊಳ್ಳೋಷ್ಟು ಬಿಗಿ ಇದ್ರೆ ಬಾಯಿಯಿಂದ ತುರುಕೋದು ಕಷ್ಟ. 1840ರ ದಶಕದಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಇದಕ್ಕೊಂದು ಉಪಾಯ ಮಾಡಿದ. ಗುಂಡು ಉರುಟಾಗಿರದೆ ಉದ್ದಕ್ಕೆ, ಬುಡದಲ್ಲಿ ಟೊಳ್ಳಾಗಿರಬೇಕು. ಸಡಿಲವಾಗಿ ಒಳಗೆ ಇಳಿಯುತ್ತೆ, ಮದ್ದು ಸಿಡಿದಾಗ ಟೊಳ್ಳು ಬುಡ ಅರಳಿ ಗೀರುಗಳನ್ನ ಹಿಡಿಯುತ್ತೆ. ಮೆತ್ತಗಿನ ಸೀಸ ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಬ್ರಿಟಿಷರ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಇದೇ ತತ್ವದ್ದು. ನಳಿಗೆ 0.577 ಇಂಚು, ಅಂದ್ರೆ 14.7 ಮಿಲಿಮೀಟರ್. ಅದಕ್ಕೆ ಹಳೇ ಥರ ಉರುಟು ಗುಂಡು ಹಾಕಿದ್ರೆ ತೂಕ 19 ಗ್ರಾಂ ಆಸುಪಾಸು ಆಗ್ತಿತ್ತು. ಹೊಸ ಉದ್ದ ಗುಂಡು ಸುಮಾರು 34 ಗ್ರಾಂ.

ಈ ರೈಫಲ್ಲಿನ ಹೆಸರು ನೀವು ಶಾಲೆಯಲ್ಲೇ ಕೇಳಿದ್ದೀರಿ, 1857ರ ಪಾಠದಲ್ಲಿ. ಗುಂಡು, ಮದ್ದು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಬ್ಬು ಸವರಿದ ತೋಟಾ, ಅದನ್ನ ಹಲ್ಲಿನಿಂದ ಕಚ್ಚಿ ಹರಿಯಬೇಕು ಅನ್ನೋ ಆ ಕಥೆ. ಕಲ್ಕತ್ತಾ ಹತ್ತಿರದ ಡಮ್‌ಡಮ್ ಕಾರ್ಖಾನೆಯಿಂದ ಗುಸುಗುಸು ಶುರುವಾಯ್ತು. ಧರ್ಮದ ಸಿಟ್ಟಿನ ಬಗ್ಗೆ ಎಲ್ಲರೂ ಹೇಳ್ತಾರೆ. ಅದರ ಜೊತೆ ನನಗೆ ಕಾಣೋ ಇನ್ನೊಂದು ವಿಷಯ: ಗುಂಡು ತಯಾರಿ ಬಳಸುವವನ ಕೈ ತಪ್ಪಿ ಕಾರ್ಖಾನೆ ಸೇರಿದಾಗ, ಅದರೊಳಗೆ ಏನು ಹಾಕಿದ್ದಾರೆ ಅಂತ ಬಳಸುವವನಿಗೇ ಗೊತ್ತಿಲ್ಲದಂಗಾಯ್ತು. ಪ್ಯಾಕೆಟ್ ಹಿಂದೆ ಪದಾರ್ಥಗಳ ಪಟ್ಟಿ ಹುಡುಕೋ ನಮಗೆ ಈ ಅನುಮಾನ ಅರ್ಥ ಆಗದೇ ಇರುತ್ತಾ?

ನಮ್ಮ ಕಡೆ ಇದರ ಬಿಸಿ ಬೇರೆ ರೀತಿ ತಟ್ಟಿತು. ದಂಗೆಗೆ ಹೆದರಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಅಂತ ಕಾಯ್ದೆ ತಂತು. ಮುಧೋಳ ಹತ್ತಿರದ ಹಲಗಲಿಯ ಬೇಡರು ಕೊಡಲ್ಲ ಅಂದ್ರು. ಜಡಗ, ಬಾಲ, ಹನುಮ, ರಾಮ ಮುಂದಾಳುಗಳು. 1857ರ ನವೆಂಬರಿನಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು, ಹಲವರನ್ನ ಗಲ್ಲಿಗೇರಿಸಿತು. ಹತ್ತನೇ ಕ್ಲಾಸಲ್ಲಿ ಲಾವಣಿಯಾಗಿ ಓದಿದ್ದು ಇದನ್ನೇ. ಬೇಟೆ, ಕಾವಲು ಅಂತ ಆಯುಧದಲ್ಲೇ ಬದುಕಿದ ಜನಕ್ಕೆ ಅದನ್ನ ಕೊಡು ಅನ್ನೋದು, ಈಗ ಡೆಲಿವರಿ ಹುಡುಗನ ಬೈಕ್ ಕಿತ್ಕೊಂಡಂಗೆ. ಕೊಡಗಿನಲ್ಲಿ ಮಾತ್ರ ಕಥೆ ಉಲ್ಟಾ. 1861ರಲ್ಲೇ ಕೊಡವರಿಗೆ ವಿನಾಯಿತಿ ಸಿಕ್ತು. ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ಉಳಿದ ಭಾರತೀಯರಿಗೆ 1878ರ ಶಸ್ತ್ರ ಕಾಯ್ದೆ ಲೈಸೆನ್ಸ್ ಕಡ್ಡಾಯ ಮಾಡಿತು. ಸ್ವಾತಂತ್ರ್ಯದ ನಂತರ ಅದರ ಜಾಗಕ್ಕೆ 1959ರ ಕಾಯ್ದೆ ಬಂತು.

ಈಗ ಮೊಬೈಲಿಗೆ ಬರೋಣ. ಹಳೇ ಸೇನಾ ರೈಫಲ್ ತಂದು, ಗ್ಯಾರೇಜಿನಲ್ಲಿ ಸೀಸ ಕರಗಿಸಿ, ಹೊಳೆಯೋ ಗುಂಡುಗಳನ್ನ ಟಪಟಪ ಬೀಳಿಸೋ ಅಮೆರಿಕದ ವಿಡಿಯೋಗಳು ರೀಲ್ಸ್‌ನಲ್ಲಿ ಬರ್ತವೆ. ನೋಡೋಕೆ ಚೆಂದ, ಒಪ್ಕೋತೀನಿ. ‘ನಮ್ಮ ಅಟ್ಟದಲ್ಲೂ ಅಜ್ಜನ ಕೇಪಿನ ಕೋವಿ ಇದೆ, ನಾವೂ ಮಾಡಬಹುದಾ?’ ಅಂತ ಕೇಳೋರೂ ಇದ್ದಾರೆ. ಮಾಡೋ ಹಾಗಿಲ್ಲ. ಅಲ್ಲಿನ ಕೇಂದ್ರ ಕಾನೂನು 1898 ಮತ್ತು ಅದಕ್ಕೂ ಹಿಂದೆ ತಯಾರಾದ ಬಂದೂಕನ್ನ ಪ್ರಾಚೀನ ವಸ್ತು ಅಂತ ಬೇರೆ ಲೆಕ್ಕಕ್ಕೆ ಹಾಕುತ್ತೆ. ನಮ್ಮಲ್ಲಿ ವರ್ಷ ನೋಡಲ್ಲ. ರಿಪೇರಿ ಮಾಡಿದ್ರೂ ಗುಂಡು ಹಾರಿಸೋಕೆ ಆಗದ ಸ್ಥಿತಿಯಲ್ಲಿದ್ರೆ ಮಾತ್ರ ಹಳೇ ಕೋವಿಗೆ ರಿಯಾಯಿತಿ. ತುಕ್ಕು ತೆಗೆದು, ಕುದುರೆ ಬಿಗಿದರೆ ಢಂ ಅನ್ನೋ ಹಾಗಿದ್ರೆ ಅದು ಕೋವಿಯೇ, ನೂರೈವತ್ತು ವರ್ಷ ಹಳೇದಾದ್ರೂ.

ಗುಂಡಿನ ವಿಷಯ ಇನ್ನೂ ಬಿಗಿ. ಕಾಯ್ದೆಯ 2ನೇ ಕಲಂ ಪ್ರಕಾರ ಮದ್ದುಗುಂಡು ಅನ್ನೋ ಪದದೊಳಗೆ ಅದರ ಬಿಡಿಭಾಗ, ಅದನ್ನ ತಯಾರಿಸೋ ಯಂತ್ರೋಪಕರಣ ಕೂಡ ಸೇರುತ್ತೆ. ತಯಾರಿಗೆ ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳೋಕೆ ಕೊಟ್ಟ ಲೈಸೆನ್ಸ್ ಅದಕ್ಕೆ ಸಾಲದು. 2019ರ ತಿದ್ದುಪಡಿ ನಂತರ ಲೈಸೆನ್ಸ್ ಇಲ್ಲದ ತಯಾರಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಜೈಲು. ಹವ್ಯಾಸಕ್ಕೆ ಮಾಡಿದೆ ಅಂದ್ರೆ ಕೇಳೋರಿಲ್ಲ. ದಾಂಡೇಲಿ, ಜೋಯಿಡಾದವರಿಗೆ ಇನ್ನೊಂದು ಕಾನೂನೂ ಇದೆ. ಇಲ್ಲಿ ಸುತ್ತ ಇರೋದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯೋದೇ ತಪ್ಪು.

ಬಹಳ ಮನೆಗಳಲ್ಲಿ ನಿಜವಾದ ತಲೆನೋವು ಇದ್ಯಾವುದೂ ಅಲ್ಲ. ಅಜ್ಜ ತೀರಿಕೊಂಡ್ರು, ಲೈಸೆನ್ಸ್ ಅಜ್ಜನ ಹೆಸರಲ್ಲಿತ್ತು, ಕೋವಿ ಅಟ್ಟದಲ್ಲೇ ಉಳೀತು. ಮನೆಯವರು ನೆನಪಿಗೆ ಇರಲಿ ಅಂತ ಸುಮ್ಮನಿರ್ತಾರೆ. ಆದ್ರೆ ಲೈಸೆನ್ಸ್ ಜಮೀನಿನ ಥರ ತಾನಾಗೇ ಮಕ್ಕಳ ಹೆಸರಿಗೆ ಇಳಿಯಲ್ಲ. ಕಾಯ್ದೆಯ 21ನೇ ಕಲಂ ಪ್ರಕಾರ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ರಸೀದಿ ಕೇಳಿ ಇಸ್ಕೊಳ್ಳಿ. ಆಮೇಲೆ ವಾರಸುದಾರರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಸಿಕ್ಕರೆ ಅದೇ ಕೋವಿ ವಾಪಸ್ ಪಡೀಬಹುದು. ಚುನಾವಣೆ ಬಂದಾಗೆಲ್ಲ ಠಾಣೆಗೆ ಕೋವಿ ಒಪ್ಪಿಸಿ ಅಭ್ಯಾಸ ಇರೋ ಊರುಗಳಿಗೆ ಇದೇನು ಹೊಸದಲ್ಲ. ಒಳಗೆ ಮದ್ದು ಇನ್ನೂ ಇದೆಯಾ ಅಂತ ನೀವೇ ಕೆದಕಿ ನೋಡೋಕೆ ಹೋಗಬೇಡಿ. ಹಳೇ ಕರಿಮದ್ದು ಎಷ್ಟೋ ವರ್ಷದ ಮೇಲೂ ಹೊತ್ತಿಕೊಳ್ಳಬಹುದು. ಮುಟ್ಟದೆ ಠಾಣೆಗೆ ಫೋನ್ ಮಾಡಿ, ಅವರೇ ಬಂದು ನೋಡಲಿ.

ಕೊನೇದು ಸೀಸದ ಬಗ್ಗೆ. ಕೋವಿ ಇಲ್ಲದ ಮನೆಯವರೂ ಇದನ್ನ ಓದಿ. ಬಲೆಗೆ ಭಾರ ಕಟ್ಟೋಕೆ, ಹಳೇ ಬ್ಯಾಟರಿ ಒಡೆದು ಮಾರೋಕೆ ಸೀಸ ಕರಗಿಸೋರು ಇದ್ದಾರೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಸಿಕ್ಕಿಹಾಕಿಕೊಂಡರೆ ಅದು ತಕ್ಷಣ ಆವಿಯಾಗಿ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತೆ, ಬಿಸಿ ಲೋಹ ಮುಖಕ್ಕೆ ಸಿಡಿಯುತ್ತೆ. ಅದು ಕಣ್ಣಿಗೆ ಕಾಣೋ ಅಪಾಯ. ಕಾಣದ್ದು ಹೊಗೆ ಮತ್ತು ಧೂಳು. ಕೈಗೆ, ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತೆ, ನೆಲದ ಮೇಲೆ ಅಂಬೆಗಾಲಿಡೋ ಮಗುವಿನ ಬಾಯಿ ಸೇರುತ್ತೆ. ಮಕ್ಕಳ ಮೆದುಳಿಗೆ ಆಗೋ ಹಾನಿ ಮತ್ತೆ ಸರಿಹೋಗಲ್ಲ. ಇಷ್ಟು ಸೀಸ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಯುನಿಸೆಫ್ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನ 80 ಕೋಟಿ ಮಕ್ಕಳ ರಕ್ತದಲ್ಲಿ ಚಿಂತೆ ಪಡುವಷ್ಟು ಸೀಸ ಇದೆ, ಅದರಲ್ಲಿ ಸುಮಾರು 27 ಕೋಟಿ ಭಾರತದವರು. ಸೀಸದ ಗುಂಡು ಮಾಂಸಕ್ಕೆ ಹೊಕ್ಕಾಗಲೂ ಕಣ್ಣಿಗೆ ಕಾಣದ ಚೂರುಗಳಾಗಿ ಹರಡುತ್ತೆ. ಅಂಥ ಮಾಂಸ ತಿಂದು ರಣಹದ್ದುಗಳು ಸಾಯ್ತಿದ್ದದ್ದಕ್ಕೇ ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡು ಬಳಸೋದನ್ನ ಪೂರ್ತಿ ನಿಷೇಧಿಸಿತು.

ಮನೇಲಿ ಯಾರಾದ್ರೂ ಸೀಸ ಕರಗಿಸೋ ಕೆಲಸ ಮಾಡ್ತಿದ್ರೆ ಮಗುವಿಗೆ ರಕ್ತದ ಸೀಸದ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರ ಹತ್ರ ಕೇಳಿ. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗಲ್ಲ, ಬೇರೆಯಾಗಿ ಬರೆಸಬೇಕು.