ತುದಿಯೇ ಇಲ್ಲದ ಆಂಟೆನಾ

1940ರ ದಶಕದ ಆರಂಭ. ಈಕ್ವೆಡಾರ್ ರಾಜಧಾನಿ ಕೀಟೊದಲ್ಲಿದ್ದ ಎಚ್‌ಸಿಜೆಬಿ ಬಾನುಲಿ ಕೇಂದ್ರದ ಆಂಟೆನಾ ಸಂಜೆ ಹೊತ್ತಿಗೆ ಉರಿಯುತ್ತಿತ್ತು. ಇದು ಅಲಂಕಾರದ ಮಾತಲ್ಲ. ಲೋಹದ ಕೊಳವೆಗಳ ತುದಿಯಲ್ಲಿ ಕಿಡಿಯ ನಾಲಗೆಗಳು ಗುಂಯ್‌ಗುಟ್ಟುತ್ತಿದ್ದವು. ಅಲ್ಯೂಮಿನಿಯಂ ಕರಗಿ ತುಂಡುಗಳು ನೆಲಕ್ಕೆ ಉದುರುತ್ತಿದ್ದವು.

ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ ಈ ಕೇಂದ್ರ 1931ರ ಕ್ರಿಸ್‌ಮಸ್ ದಿನ ಬರೀ 200 ವ್ಯಾಟ್‌ನಲ್ಲಿ ಶುರುವಾಗಿತ್ತು. ಹತ್ತು ವರ್ಷ ಕಳೆಯುವುದರೊಳಗೆ 10 ಕಿಲೊವ್ಯಾಟ್‌ಗೆ ಏರಿತು. ಆಂಟೆನಾ ಯಾಗಿ ಮಾದರಿಯದು. ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಜಗತ್ತಿಗೆ ತಿಳಿಸಿದ್ದು. ದೂರದರ್ಶನದ ಕಾಲದಲ್ಲಿ ನಮ್ಮ ತಾರಸಿಗಳ ಮೇಲೆ ಮೀನಿನ ಮುಳ್ಳಿನಂತೆ ನಿಂತಿರುತ್ತಿತ್ತಲ್ಲ, ಅದೇ ಜಾತಿ.

ಯಾಗಿಯ ಕಡ್ಡಿಗಳಲ್ಲಿ ಕರೆಂಟು ನಡುವೆ ಹೆಚ್ಚು, ತುದಿಯಲ್ಲಿ ಸೊನ್ನೆ. ವೋಲ್ಟೇಜ್ ಇದಕ್ಕೆ ತದ್ವಿರುದ್ಧ, ತುದಿಗೆ ಹೋದಷ್ಟೂ ಏರುತ್ತದೆ. ಸಮುದ್ರಮಟ್ಟದ ದಟ್ಟ ಗಾಳಿ ಅದನ್ನು ತಡೆದುಕೊಂಡೀತು. ಆದರೆ ಕೀಟೊ ಇರುವುದು ಸುಮಾರು 2,850 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಮುಕ್ಕಾಲು ಪಾಲು. ತೆಳು ಗಾಳಿ ಬೇಗ ಸೋಲುತ್ತದೆ, ಅಯಾನೀಕರಣಗೊಂಡು ತಾನೇ ವಾಹಕವಾಗುತ್ತದೆ. ಒಮ್ಮೆ ಕಿಡಿ ಹತ್ತಿತೆಂದರೆ, 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಅಲ್ಯೂಮಿನಿಯಂ ಅದರ ಮುಂದೆ ಎಷ್ಟರದು?

ಕೇಂದ್ರದ ಎಂಜಿನಿಯರ್ ಅಮೆರಿಕದ ಕ್ಲಾರೆನ್ಸ್ ಮೂರ್. ಹ್ಯಾಮ್, ಅಂದರೆ ಹವ್ಯಾಸಿ ಬಾನುಲಿಗ ಕೂಡ ಹೌದು, ಕರೆಸಂಕೇತ ಡಬ್ಲ್ಯು9ಎಲ್‌ಝಡ್‌ಎಕ್ಸ್. ತುದಿ ಚೂಪಾಗಿದ್ದರೆ ತಾನೆ ಕಿಡಿ ಎಂದು ಅವರು ಫ್ಲಷ್ ಟ್ಯಾಂಕಿನಲ್ಲಿ ತೇಲುವ ಆರಿಂಚಿನ ತಾಮ್ರದ ಬುರುಡೆಗಳನ್ನು ತಂದು ಕಡ್ಡಿಗಳ ತುದಿಗೆ ಸಿಕ್ಕಿಸಿ ನೋಡಿದರು. ಶೌಚಾಲಯದ ಸಾಮಾನು ಬಾನುಲಿಯ ಮಾನ ಉಳಿಸಲು ಹೊರಟಿತ್ತು! ಉಳಿಸಲಿಲ್ಲ. ಕಿಡಿ ಬಿಡಲಿಲ್ಲ.

1942ರಲ್ಲಿ ಮೂರ್ ದಂಪತಿ ರಜೆಗೆಂದು ಕಡಲತಡಿಯ ಪೊಸೊರ್ಹಾ ಎಂಬ ಊರಿಗೆ ಹೋದರು. ರಜೆ ಹೆಸರಿಗೆ, ಜೊತೆಯಲ್ಲಿ ಆಂಟೆನಾ ಪುಸ್ತಕಗಳ ಹೊರೆ. ಅಲ್ಲಿ ಹೊಳೆದ ಉಪಾಯ ಕೇಳಲು ಮಕ್ಕಳ ಮಾತಿನಷ್ಟು ಸರಳ: ತುದಿಯಲ್ಲಿ ತೊಂದರೆಯಿದ್ದರೆ ತುದಿಯನ್ನೇ ತೆಗೆದುಬಿಟ್ಟರೆ? ತಂತಿಯನ್ನು ಕಿರಿದಾದ ಕುಣಿಕೆಯಂತೆ ಮಡಚಿದ ಡೈಪೋಲ್ ಆಂಟೆನಾವನ್ನು ಅಗಲಿಸಿ ಎಳೆದರೆ ಚೌಕವಾಗುತ್ತದೆ. ಒಂದು ತರಂಗಾಂತರದಷ್ಟು ಉದ್ದದ ತಂತಿ, ನಾಲ್ಕು ಬದಿ, ತುದಿ ಎಲ್ಲೂ ಇಲ್ಲ. 25 ಮೀಟರ್ ಬ್ಯಾಂಡಿನಲ್ಲಿ ಒಂದೊಂದು ಬದಿ ಆರು ಮೀಟರಿಗೆ ಸ್ವಲ್ಪ ಮೇಲೆ. ಹಿಂದೊಂದು ಚೌಕ ಪ್ರತಿಫಲಕವಾಗಿ ನಿಂತಿತು. ಕೀಟೊಗೆ ಮರಳಿ ಕಟ್ಟಿ ನೋಡಿದಾಗ ಉರಿ ನಿಂತಿತ್ತು. 1951ರಲ್ಲಿ ಅಮೆರಿಕದ ಪೇಟೆಂಟ್ ಬಂತು.

ಹ್ಯಾಮ್‌ಗಳಿಗೆ ಇದು ‘ಕ್ಯೂಬಿಕಲ್ ಕ್ವಾಡ್’. ಅವರ ಪೈಕಿ ಹತ್ತು ಕಿಲೊವ್ಯಾಟ್ ಹರಿಸುವವರು ಯಾರೂ ಇಲ್ಲ, ತುದಿ ಕರಗುವ ಭಯವೂ ಇಲ್ಲ. ಅವರನ್ನು ಸೆಳೆದದ್ದು ಬೇರೆ: ಎರಡೇ ಚೌಕಗಳಿಂದ ಸಿಗುವ ಬಲ ಮತ್ತು ಕಡಿಮೆ ಖರ್ಚು. ಬಿದಿರಿನ ಗಳುಗಳನ್ನು ಅಡ್ಡಡ್ಡ ಕಟ್ಟಿ ತಂತಿ ಸುತ್ತಿದರೆ ಆಯಿತು. ಗಾಳಿಪಟದ ಅಸ್ಥಿಪಂಜರದಂಥ ಈ ರೂಪ 1959ರಲ್ಲಿ ವಿಲಿಯಂ ಆರ್ ಬರೆದ ಪುಸ್ತಕದಿಂದ ಇನ್ನಷ್ಟು ಮನೆಮಾತಾಯಿತು. ಬಿರುಗಾಳಿಗೆ ಬಿದಿರು ಮುರಿಯುವುದು ಮಾತ್ರ ಅದರ ಜೊತೆಗೇ ಬಂದ ಗೋಳು. ಮುಂದೆ ಫೈಬರ್‌ಗ್ಲಾಸ್ ಬಂತು.

ಹಾಗೆಂದು ಹ್ಯಾಮ್‌ಗಳ ಆಂಟೆನಾ ಬಿಸಿಯಾಗುವುದೇ ಇಲ್ಲ ಎಂದಲ್ಲ. ಅವರಲ್ಲಿ ಕಾಯುವುದು ಕೀಲು: ಸಡಿಲಾದ ನಟ್ಟು, ಹಸಿರು ಕಿಲುಬು ಕಟ್ಟಿದ ತಾಮ್ರದ ತಂತಿ, ಅಲ್ಯೂಮಿನಿಯಂ ಕೊಳವೆಗೆ ಬಿಗಿದ ತುಕ್ಕುಹಿಡಿದ ಕ್ಲಾಂಪು. ಕೇಬಲ್ಲು ಆಂಟೆನಾವನ್ನು ಸೇರುವ 50 ಓಮ್‌ನ ಫೀಡ್ ಪಾಯಿಂಟಿನಲ್ಲಿ 100 ವ್ಯಾಟ್ ಹರಿಸಿದಾಗ, ಒಂದು ಓಮ್ ಪ್ರತಿರೋಧದ ಕೆಟ್ಟ ಕೀಲು ನುಂಗುವುದು ಎರಡೇ ವ್ಯಾಟ್. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಕೀಲಿಗೆ ಅಮೆರಿಕದ ಹ್ಯಾಮ್‌ಗಳಿಗಿರುವ ಗರಿಷ್ಠ ಮಿತಿ 1,500 ವ್ಯಾಟ್ ಬಿದ್ದರೆ 30 ವ್ಯಾಟ್ ಶಾಖ. ಕಂಬದ ಮೇಲೆ ಸಣ್ಣದೊಂದು ಸೋಲ್ಡರಿಂಗ್ ಐರನ್ ಸಿಕ್ಕಿಸಿಟ್ಟಂತೆ. ಕಿಲುಬು ಹೆಚ್ಚಿ, ಪ್ರತಿರೋಧ ಏರಿ, ಶಾಖ ಮತ್ತೂ ಹೆಚ್ಚುತ್ತದೆ. ಕೆಳಗೆ ಕೂತವನಿಗೆ ಕಾಣುವುದು ಮೀಟರಿನ ಮುಳ್ಳು ಮಾತಿನ ನಡುವೆ ಸುಮ್ಮನೆ ಅಲುಗುವುದಷ್ಟೆ. ಆಗ ಟ್ರಾನ್ಸ್‌ಮಿಟರ್ ಆರಿಸಿ, ಸ್ಪ್ಯಾನರು ಮತ್ತು ಉಪ್ಪುಕಾಗದ ಹಿಡಿದು ಕಂಬ ಹತ್ತಬೇಕು.