ಫೈರ್‌ವಾಲ್ ಕೊಂಡರೆ ಸಾಕೇ? ಹೈದರಾಬಾದ್ ಕಲಿಸಿದ ಪಾಠ

2022ರ ಜನವರಿಯ ಒಂದು ವಾರಾಂತ್ಯ. ಹೈದರಾಬಾದಿನ ಎ.ಪಿ. ಮಹೇಶ್ ಕೋ-ಆಪರೇಟಿವ್ ಅರ್ಬನ್ ಬ್ಯಾಂಕಿನಿಂದ 12 ಕೋಟಿ ರೂಪಾಯಿಗೂ ಹೆಚ್ಚು ಹಣ ಸದ್ದಿಲ್ಲದೆ ಹೊರಗೆ ಹರಿದುಹೋಯಿತು. ಪೊಲೀಸರ ತನಿಖೆ ತೆರೆದಿಟ್ಟ ವಿವರಗಳು ಸಂಸ್ಥೆಗಳ ಮುಖ್ಯಸ್ಥರು ನಂಬಿಕೊಂಡು ಬಂದಿರುವ ಹಲವು ಮಾತುಗಳನ್ನು ಸುಳ್ಳು ಮಾಡುತ್ತವೆ.

ತಪ್ಪು ಕಲ್ಪನೆ: ಹ್ಯಾಕರ್‌ಗಳ ಕಣ್ಣು ದೊಡ್ಡ ಕಂಪನಿಗಳ ಮೇಲೆ ಮಾತ್ರ.
ಸತ್ಯ: ಇದೇ ನಗರದ ಔಷಧ ದೈತ್ಯ ಡಾ. ರೆಡ್ಡೀಸ್ ಮೇಲೆ 2020ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಯಿತು. ಹದಿನೈದು ತಿಂಗಳಲ್ಲಿ ಈ ಸಹಕಾರಿ ಬ್ಯಾಂಕಿನ ಸರದಿ ಬಂತು. ಮೋಸದ ಇ-ಮೇಲ್ ಕಳಿಸಲು ಹೆಚ್ಚು ಖರ್ಚಿಲ್ಲ. ಯಾರು ತೆರೆದರೂ ಕಳ್ಳನಿಗೆ ಲಾಭವೇ.

ತಪ್ಪು ಕಲ್ಪನೆ: ಫೈರ್‌ವಾಲ್, ಆ್ಯಂಟಿವೈರಸ್ ಇದ್ದರೆ ನಿಶ್ಚಿಂತೆ.
ಸತ್ಯ: ಪೊಲೀಸರ ಪ್ರಕಾರ, 2021ರ ನವೆಂಬರ್‌ನಲ್ಲಿ ಬ್ಯಾಂಕಿನ ಸಿಬ್ಬಂದಿಗೆ ಇನ್ನೂರಕ್ಕೂ ಹೆಚ್ಚು ಮೋಸದ ಮೇಲ್‌ಗಳು ಬಂದಿದ್ದವು. ಇಬ್ಬರು ತೆರೆದರು. ದೂರದಿಂದಲೇ ಕಂಪ್ಯೂಟರ್ ನಡೆಸಬಲ್ಲ ಕುತಂತ್ರಾಂಶ ಒಳಹೊಕ್ಕಿತು. ಹಣ ಹೋದದ್ದು ಎರಡು ತಿಂಗಳ ನಂತರ. ಪ್ರಧಾನ ಕಚೇರಿ ಮತ್ತು ಶಾಖೆಗಳ ಜಾಲಗಳನ್ನು ಬೇರ್ಪಡಿಸಿರಲಿಲ್ಲ. ಎಲ್ಲ ಅಧಿಕಾರವೂ ಇರುವ ‘ಸೂಪರ್ ಯೂಸರ್’ ಖಾತೆಗಳು ಹತ್ತು ಇದ್ದವು. ಕಳ್ಳರು ಕೆಲವು ಖಾತೆಗಳಿಗೆ ಹಣ ತುಂಬಿ, ಅಲ್ಲಿಂದ ನೂರಕ್ಕೂ ಹೆಚ್ಚು ಖಾತೆಗಳಿಗೆ ಹಂಚಿದರು. ಇಂಥದ್ದನ್ನು ತಡೆಯಲು ಬೇಕಾದದ್ದು ಶಿಸ್ತು: ಸೂಪರ್ ಯೂಸರ್‌ಗಳು ಬೆರಳೆಣಿಕೆಯಷ್ಟು ಇರಲಿ, ಪಾಸ್‌ವರ್ಡ್ ಜೊತೆ ಎರಡನೇ ದೃಢೀಕರಣ ಇರಲಿ, ಜಾಲಗಳ ನಡುವೆ ಗೋಡೆ ಇರಲಿ, ದೊಡ್ಡ ವರ್ಗಾವಣೆಗೆ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮವಿರಲಿ. ಭಾನುವಾರವೂ ನಿಗಾ ಇರಬೇಕು.

ತಪ್ಪು ಕಲ್ಪನೆ: ಬ್ಯಾಕಪ್ ಇದೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಹೆದರಬೇಕಿಲ್ಲ.
ಸತ್ಯ: ಒಳಹೊಕ್ಕವರು ಮೊದಲು ಹುಡುಕುವುದರಲ್ಲಿ ಬ್ಯಾಕಪ್ಪೂ ಒಂದು. ಒಂದು ಪ್ರತಿಯಾದರೂ ಜಾಲದಿಂದ ಹೊರಗಿರಬೇಕು. ಅದರಿಂದ ಕೆಲಸ ಮರಳಿ ಶುರುವಾಗುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು.

ತಪ್ಪು ಕಲ್ಪನೆ: ದಾಳಿಯಾದದ್ದು ಹೊರಗೆ ಗೊತ್ತಾದರೆ ಮಾನ ಹೋಗುತ್ತದೆ.
ಸತ್ಯ: ಡಾ. ರೆಡ್ಡೀಸ್ ತನ್ನ ಡೇಟಾ ಸೆಂಟರ್ ಸೇವೆಗಳನ್ನೆಲ್ಲ ಬೇರ್ಪಡಿಸಿ, ಷೇರುಪೇಟೆಗೆ ಸುದ್ದಿ ತಿಳಿಸಿತು. ಈಗಂತೂ ಮುಚ್ಚಿಡುವ ಹಾಗೇ ಇಲ್ಲ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ, ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಜಾರಿ ಕೈತಪ್ಪುತ್ತದೆ.

ತಪ್ಪು ಕಲ್ಪನೆ: ಇದು ಐ.ಟಿ. ವಿಭಾಗದ ತಲೆನೋವು.
ಸತ್ಯ: ಮಹೇಶ್ ಬ್ಯಾಂಕ್ ಪ್ರಕರಣದಲ್ಲಿ ಸೈಬರ್ ಭದ್ರತೆಯ ಲೋಪಕ್ಕಾಗಿ 2023ರಲ್ಲಿ ರಿಸರ್ವ್ ಬ್ಯಾಂಕ್ 65 ಲಕ್ಷ ರೂಪಾಯಿ ದಂಡ ಹಾಕಿತು. ಅದನ್ನು ಹಾಕಿದ್ದು ಮೇಲ್ ತೆರೆದ ನೌಕರರಿಗಲ್ಲ, ಬ್ಯಾಂಕಿಗೆ.

ಹಾಗಾಗಿ ನಮ್ಮ ಪಟ್ಟಣ ಸಹಕಾರಿ ಬ್ಯಾಂಕುಗಳ ನಿರ್ದೇಶಕರು, ಕಂಪನಿಗಳ ಮುಖ್ಯಸ್ಥರು ಮುಂದಿನ ಸಭೆಯಲ್ಲೇ ಮೂರು ಪ್ರಶ್ನೆ ಕೇಳಲಿ: ಸೂಪರ್ ಯೂಸರ್‌ಗಳು ಎಷ್ಟು ಮಂದಿ? ಬ್ಯಾಕಪ್ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಶನಿವಾರ ರಾತ್ರಿ ದಾಳಿಯಾದರೆ ಫೋನ್ ಎತ್ತುವವರು ಯಾರು? ಉತ್ತರಕ್ಕೆ ತಡವರಿಸಿದರೆ, ಸರಿಪಡಿಸುವ ಕೆಲಸ ಅಂದೇ ಶುರುವಾಗಬೇಕು.