ಫಿಟ್ಟರ್‌ನ ಮಗ ಇಂಜಿನಿಯರ್ ಆದ ಮೇಲೆ

ಗಲ್ಫ್‌ಗೆ ಹೊರಟ ವೆಲ್ಡರ್‌ಗಳ ಕೈ ಪರೀಕ್ಷಿಸುವ ಟ್ರೇಡ್ ಟೆಸ್ಟ್ ಕೇಂದ್ರಗಳು ಮುಂಬೈ ಉಪನಗರಗಳಲ್ಲೂ ನವಿ ಮುಂಬೈಯಲ್ಲೂ ಇವೆ. ಅಲ್ಲಿ ‘ಸಿಕ್ಸ್ ಜಿ’ ಎಂದರೆ ಎಲ್ಲರೂ ಹೆದರುವ ಪರೀಕ್ಷೆ. ಎರಡು ಪೈಪ್ ತುಂಡುಗಳನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ. ಅವುಗಳ ಮಧ್ಯೆ ಎರಡು ಮೂರು ಮಿಲಿಮೀಟರ್ ಸಂದು. ಪೈಪನ್ನು ತಿರುಗಿಸುವಂತಿಲ್ಲ, ವೆಲ್ಡರೇ ಅದರ ಸುತ್ತ ತಿರುಗಬೇಕು. ಕುಕ್ಕರುಗಾಲಿನಲ್ಲಿ ಕೂತು ತಲೆಯ ಮೇಲಿನ ಬೆಸುಗೆ, ಬದಿಗೆ ಬಂದಾಗ ಏರುಬೆಸುಗೆ, ನೆತ್ತಿಗೆ ಮುಟ್ಟಿದಾಗ ಇನ್ನೊಂದೇ ಬಗೆ. ಕರಗಿದ ಉಕ್ಕು ಜಾರದ ಹಾಗೆ ಕೈಯ ವೇಗವನ್ನೂ ಕೋನವನ್ನೂ ಇಂಚಿಂಚಿಗೂ ಬದಲಿಸುತ್ತಾ ಹೋಗಬೇಕು. ಆಮೇಲೆ ಕೀಲಿನ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಮಿತಿ ಮೀರಿ ಗಾಳಿಗುಳ್ಳೆಗಳು ಕಂಡರೆ, ಅಂಚು ಬೆಸೆಯದೆ ಉಳಿದಿದ್ದರೆ ಫೇಲು. ಎಣ್ಣೆ, ಅನಿಲ, ಒತ್ತಡದ ಹಬೆ ಹರಿಯುವ ಪೈಪಿನಲ್ಲಿ ಈ ಕೈ ತಪ್ಪಿದರೆ ಜನ ಸಾಯುತ್ತಾರೆ.

ಈ ಪರೀಕ್ಷೆ ಗೆದ್ದ ಹುಡುಗನ ಮದುವೆ ಮಾತು ಊರಲ್ಲಿ ಬಂದಾಗ ಮನೆಯವರು ಹೇಳುವುದು ‘ಗಲ್ಫ್‌ನಲ್ಲಿ ಕಂಪನಿ ಕೆಲಸ’ ಎಂದು. ವೆಲ್ಡರ್ ಎಂಬ ಮಾತು ಹೊರಗೆ ಬರುವುದಿಲ್ಲ. ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಐರೋಲಿಯ ಸಾಫ್ಟ್‌ವೇರ್ ಕಂಪನಿಗೆ ಸೇರಿದವನ ಬಗ್ಗೆ ‘ಹುಡುಗ ಇಂಜಿನಿಯರ್’ ಎಂದರೆ ಸಾಕು, ಮುಂದಿನ ಪ್ರಶ್ನೆಯೇ ಇಲ್ಲ. ಮುಂಬೈ ಕನ್ನಡಿಗರ ಮನೆಗಳಲ್ಲಿ ಈ ವ್ಯತ್ಯಾಸ ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಏಕೆಂದರೆ ಈ ಊರಲ್ಲಿ ನಮ್ಮ ಜನ ಎದ್ದು ನಿಂತದ್ದು ಕೈಕೆಲಸದಿಂದಲೇ.

ಕರಾವಳಿಯಿಂದ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತ ಕಥೆ ಎಲ್ಲರಿಗೂ ಗೊತ್ತು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಫೋರ್ಟಿನಲ್ಲಿ, ವಡಾಲದಲ್ಲಿ ಕನ್ನಡ ಶಿಕ್ಷಣ ಸಂಸ್ಥೆಗಳು ಬೆಳೆದವು. ಆ ಕಥೆಯ ಎರಡನೆಯ ಭಾಗವನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ. ಎಸ್ಸೆಸ್ಸಿ ಮುಗಿಸಿದ ಎಲ್ಲರೂ ಬ್ಯಾಂಕಿಗೆ ಹೋಗಲಿಲ್ಲ, ಹೋಟೆಲ್ ಮಾಲೀಕರೂ ಆಗಲಿಲ್ಲ. ಹಲವರು ಐಟಿಐ ಸೇರಿ ಫಿಟ್ಟರ್, ಟರ್ನರ್, ವೈರ್‌ಮನ್ ಆದರು. ಪರೇಲ್, ಮಾಟುಂಗಾದ ರೈಲ್ವೆ ವರ್ಕ್‌ಶಾಪ್, ನೇವಲ್ ಡಾಕ್‌ಯಾರ್ಡ್, ಮಜಗಾಂವ್ ಡಾಕ್, ವಿಕ್ರೋಲಿಯ ಗೋದ್ರೆಜ್, ಪವಾಯಿಯ ಲಾರ್ಸನ್ ಆಂಡ್ ಟೂಬ್ರೊ, ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್: ಇಂಥ ಕಡೆ ಕಾಯಂ ಆದರೆ ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಒಂದು ಕೋಣೆ, ಊರಿಗೆ ತಿಂಗಳ ಮನಿಯಾರ್ಡರ್, ತಂಗಿಯ ಮದುವೆ ಎಲ್ಲಕ್ಕೂ ದಾರಿ ತೆರೆಯುತ್ತಿತ್ತು. ಮಕ್ಕಳನ್ನು ಇಂಜಿನಿಯರ್ ಮಾಡಿದ್ದೂ ಆ ಓವರ್‌ಟೈಮ್ ದುಡ್ಡೇ.

ಫಿಟ್ಟರ್ ಮತ್ತು ಇಂಜಿನಿಯರ್ ಕೆಲಸಗಳು ಮೊದಲಿನಿಂದಲೂ ಇಷ್ಟು ದೂರ ಇರಲಿಲ್ಲ. 1887ರಲ್ಲಿ ಸ್ಥಾಪನೆಯಾದ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನ ಮೊದಲ ಗುರಿಯೇ ಗಿರಣಿಗಳಿಗೆ ಕೆಲಸ ಬಲ್ಲವರನ್ನು ತಯಾರಿಸುವುದು. ಯಂತ್ರದ ಜೊತೆ ಲ್ಯಾಂಕಾಶೈರಿನಿಂದ ಬರುತ್ತಿದ್ದ ಸಾಹೇಬರ ಜಾಗಕ್ಕೆ ಇಲ್ಲಿಯವರನ್ನು ನಿಲ್ಲಿಸಬೇಕಿತ್ತು. ಬೈಕುಲಾದಿಂದ 1923ರಲ್ಲಿ ಮಾಟುಂಗಾಕ್ಕೆ ಬಂದ ಈ ಸಂಸ್ಥೆ ಇಂದು ವೀರಮಾತಾ ಜೀಜಾಬಾಯಿ ಹೆಸರಿನ ಪ್ರತಿಷ್ಠಿತ ಇಂಜಿನಿಯರಿಂಗ್ ಕಾಲೇಜು. 1958ರಲ್ಲಿ ಪವಾಯಿಯ ಐಐಟಿ ಬಂತು. ಅದಕ್ಕೆ ಎಂಟು ವರ್ಷ ಮೊದಲು, 1950ರಲ್ಲೇ, ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಗಿತ್ತು. ದೇಶ ಎರಡನ್ನೂ ಕಟ್ಟಿತು. ಆದರೆ ಮನೆಯ ಗೋಡೆಗೆ ಏರಿದ್ದು ಪದವಿಯ ಫೋಟೊ ಒಂದೇ.

ಕಾರ್ಖಾನೆಯೊಳಗೇ ಗೆರೆ ಎಳೆಯಲಾಗಿತ್ತು. ಕೈಕೆಲಸದವನು ದಿನಗೂಲಿಯ ಲೆಕ್ಕದ ಡೈಲಿ ರೇಟೆಡ್, ಇಂಜಿನಿಯರ್ ತಿಂಗಳ ಸಂಬಳದ ಮಂತ್ಲಿ ರೇಟೆಡ್. ಎಷ್ಟೋ ಕಡೆ ಕ್ಯಾಂಟೀನು ಬೇರೆ, ಊಟದ ತಟ್ಟೆ ಬೇರೆ. ಕೈಗೆ ಗ್ರೀಸು ಮೆತ್ತುವ ಕೆಲಸ ಯಾರದ್ದು ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿದ್ದ ದೇಶದಲ್ಲಿ ಆ ಗೆರೆ ಬೇಗ ಗಟ್ಟಿಯಾಯಿತು. ಮೂವತ್ತು ವರ್ಷ ಲೇತ್ ಮೇಲೆ ನಿಂತವನಿಗೆ ನಿನ್ನೆ ಬಂದ ಟ್ರೈನಿ ಇಂಜಿನಿಯರ್ ‘ಸಾಬ್’. ಡ್ರಾಯಿಂಗಿನಲ್ಲಿ ತಪ್ಪಿದ್ದರೆ ಅದನ್ನು ಮೆಲ್ಲಗೆ ಹೇಳಿ ತಿದ್ದಿಸುವವನು ಆ ಟರ್ನರೇ. ಇದನ್ನೆಲ್ಲ ಕಂಡುಂಡ ಅಪ್ಪ ‘ನನ್ನ ಮಗ ಈ ಕೆಲಸ ಮಾಡಬಾರದು’ ಎಂದರೆ ನಾನು ತಪ್ಪು ಹಿಡಿಯಲಾರೆ.

ಅದರ ಮೇಲೆ 1982 ಬಂತು. ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಹೊರಗೆ ಬಂದರು. ಬಹಳಷ್ಟು ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಸರಿಯಾಗಿ ಮರುವರ್ಷ, 1983ರಲ್ಲಿ, ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಸರಕಾರ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಒಂದು ಕಡೆ ಗಿರಣಿಯ ಗೇಟಿಗೆ ಬೀಗ, ಇನ್ನೊಂದು ಕಡೆ ಕಾಲೇಜಿನ ಗೇಟು ಅಗಲ. ಮುಂದೆ ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲು ಮಾಲ್ ಆಯಿತು, ಕಮಲಾ ಮಿಲ್ಲು ಆಫೀಸುಗಳಾಯಿತು. ಇಂಜಿನಿಯರಿಂಗ್ ಮೋಹ ಬರೀ ಅಂತಸ್ತಿನ ಆಸೆ ಎನ್ನುವವರು ಕೆಲಸ ಕಳೆದುಕೊಳ್ಳುವ ಈ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈಕೆಲಸ ಒಂದೇ ರಾತ್ರಿಯಲ್ಲಿ ಬೆಲೆ ಕಳೆದುಕೊಂಡದ್ದನ್ನು ಆ ತಲೆಮಾರು ಕಣ್ಣಾರೆ ನೋಡಿದೆ.

ಆದರೆ ಪದವಿಯೂ ಈಗ ಅಷ್ಟೇನೂ ಭದ್ರವಲ್ಲ. ಐಟಿ ಕಂಪನಿಗಳ ಆರಂಭಿಕ ಸಂಬಳ ಹತ್ತು ಹದಿನೈದು ವರ್ಷಗಳಿಂದ ಹೆಚ್ಚುಕಡಿಮೆ ಅಲ್ಲೇ ಇದೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಬೇಕಾದದ್ದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ. ಅದರ ಬದಲು ಡಿಪ್ಲೊಮಾ, ಪದವಿ ಇದ್ದವರೂ ಅರ್ಜಿ ಹಾಕಬಹುದು. ಹಾಗಾಗಿ ಬಿ.ಇ. ಮುಗಿಸಿದವರೂ ಐಟಿಐ ಹುಡುಗರ ಪಕ್ಕದಲ್ಲೇ ಕೂತು ಆ ಪರೀಕ್ಷೆ ಬರೆಯುತ್ತಾರೆ.

ನನಗೆ ಹೆಚ್ಚು ಚಿಂತೆ ಕೈಕೆಲಸದಿಂದ ದೂರವಾಗಿ ಇಂಜಿನಿಯರ್ ಕಳೆದುಕೊಂಡದ್ದರ ಬಗ್ಗೆ. ಫಿಟ್ಟರ್ ತರಬೇತಿಯ ಮೊದಲ ತಿಂಗಳುಗಳಲ್ಲಿ ಒಂದು ಉಕ್ಕಿನ ತುಂಡು ಮತ್ತು ಅರ ಕೊಟ್ಟು ಉಜ್ಜಲು ಹೇಳುತ್ತಾರೆ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣುತ್ತದೆ; ಮತ್ತೆ ಉಜ್ಜಬೇಕು. ವರ್ನಿಯರ್ ಕ್ಯಾಲಿಪರ್ 0.02 ಮಿ.ಮೀ.ವರೆಗೆ ಅಳೆಯುತ್ತದೆ, ಮೈಕ್ರೋಮೀಟರ್ 0.01ರವರೆಗೆ. ಆ ಅಳತೆ ಅಂಗೈಗೆ ಇಳಿಯಲು ವಾರಗಳು ಬೇಕು. ನಾಲ್ಕು ವರ್ಷದ ಬಿ.ಇ.ಯಲ್ಲಿ ವರ್ಕ್‌ಶಾಪ್ ಎಂಬುದು ಮೊದಲ ವರ್ಷದ ಒಂದು ಸಣ್ಣ ವಿಷಯ. ಅಲ್ಲಿ ಮಾಡಬೇಕಾದ ಜಾಬನ್ನೂ ಸಹಾಯಕನಿಂದ ಮಾಡಿಸಿ ಜರ್ನಲ್‌ಗೆ ಸಹಿ ಹಾಕಿಸಿಕೊಂಡವರು ಎಷ್ಟೋ ಮಂದಿ. ತಾನು ಡ್ರಾಯಿಂಗಿನಲ್ಲಿ ಬರೆದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಯಂತ್ರದ ಮೇಲೆ ಎಷ್ಟು ಹೊತ್ತು, ಎಷ್ಟು ಬೆವರು ಕೇಳುತ್ತದೆ ಎಂದು ಅಂಥ ಇಂಜಿನಿಯರ್‌ಗೆ ಹೇಗೆ ತಿಳಿಯಬೇಕು?

ನಾವು ಸೆಪ್ಟೆಂಬರ್ 15ರಂದು ಹಾರ ಹಾಕುವ ವಿಶ್ವೇಶ್ವರಯ್ಯನವರಿಗೆ ಕೈಕೆಲಸದ ಈ ಬೆಲೆ ಗೊತ್ತಿತ್ತು. ಪುಣೆಯಲ್ಲಿ ಓದಿ 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು ಅವರು. ಮೈಸೂರಿನ ದಿವಾನಗಿರಿ ಮುಗಿದ ಮೇಲೆ, 1921-22ರಲ್ಲಿ, ಮುಂಬೈ ಪ್ರಾಂತ್ಯದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಗೆ ಅಧ್ಯಕ್ಷರಾದರು. ಭದ್ರಾವತಿ ಕಬ್ಬಿಣ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ವೃತ್ತಿ ಶಿಕ್ಷಣಕ್ಕೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎದ್ದದ್ದು ಹಾಗೆ. ಇಂಜಿನಿಯರ್‌ಗಳ ಆರಾಧ್ಯ ದೈವ ತನ್ನ ಹಣವನ್ನು ಕೈಕೆಲಸ ಕಲಿಸುವ ಶಾಲೆಗೆ ಕೊಟ್ಟದ್ದನ್ನು ಇಂಜಿನಿಯರ್ಸ್ ಡೇ ಭಾಷಣಗಳಲ್ಲಿ ನಾನು ಕೇಳಿದ್ದು ಕಡಿಮೆ.

ಕೈಕೆಲಸವನ್ನು ಪದವಿಗೆ ಸಮನಾಗಿ ಕಾಣುವುದು ಅಸಾಧ್ಯವೇನಲ್ಲ. ಜರ್ಮನಿಯ ಅರ್ಹತಾ ಪಟ್ಟಿಯಲ್ಲಿ ಕಸುಬಿನ ‘ಮೈಸ್ಟರ್’ ಮತ್ತು ಕಾಲೇಜಿನ ಬ್ಯಾಚುಲರ್ ಪದವಿ ಎರಡೂ ಆರನೆಯ ಮಟ್ಟದಲ್ಲೇ ಇವೆ. ನಮ್ಮಲ್ಲೂ ಏಣಿ ಇಲ್ಲದಿಲ್ಲ: ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಅಲ್ಲಿಂದ ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರಬಹುದು. ಹತ್ತನೆಯ ತರಗತಿಯ ಮಗುವಿನ ಮನೆಯಲ್ಲಿ ಈ ದಾರಿಯ ಮಾತೇ ಬರುವುದಿಲ್ಲ. ಇನ್ನು ಕಾರ್ಖಾನೆಗಳು ಐಟಿಐ ಹುಡುಗನನ್ನು ಕಾಯಂ ಮಾಡದೆ ಗುತ್ತಿಗೆದಾರನ ಕೈಗೆ ಒಪ್ಪಿಸಿ, ಕನಿಷ್ಠ ಕೂಲಿಗೆ ದುಡಿಸುವಷ್ಟು ದಿನ ತಂದೆತಾಯಿಗೆ ಉಪದೇಶ ಮಾಡುವ ಹಕ್ಕು ನಮಗೂ ಇಲ್ಲ, ಸರಕಾರಕ್ಕೂ ಇಲ್ಲ. ಮೊದಲು ಸಂಬಳ ಸರಿಯಾಗಬೇಕು, ಕೆಲಸ ಕಾಯಂ ಆಗಬೇಕು.

ಸಮಾಜದ ಕೈಯಲ್ಲಿ ಇರುವುದನ್ನು ಮಾತ್ರ ಈ ವರ್ಷವೇ ಮಾಡಬಹುದು. ಮುಂಬೈಯ ನಮ್ಮ ಸಂಘಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ ಕೊಡುತ್ತವೆ, ಎಂಬಿಬಿಎಸ್, ಸಿ.ಎ., ಬಿ.ಇ. ಎಂದು ಹೆಸರು ಕೂಗಿ ಶಾಲು ಹೊದಿಸುತ್ತವೆ. ಅಪ್ರೆಂಟಿಸ್ ಪರೀಕ್ಷೆ ಪಾಸಾದ ಫಿಟ್ಟರ್, ಸಿಕ್ಸ್ ಜಿ ಗೆದ್ದ ವೆಲ್ಡರ್, ಲಿಫ್ಟ್ ಮೆಕ್ಯಾನಿಕ್ ಹುಡುಗ, ಎಲೆಕ್ಟ್ರಿಷಿಯನ್ ಹುಡುಗಿ, ಇವರ ಅರ್ಜಿಗಳನ್ನೂ ಕರೆಯಲಿ. ವಿದ್ಯಾರ್ಥಿವೇತನದ ಫಾರಂನಲ್ಲಿ ‘ಪದವಿ’ ಎಂದಿರುವ ಕಡೆ ‘ಟ್ರೇಡ್’ ಎಂದು ಬರೆಯಲು ಇನ್ನೊಂದು ಕಾಲಂ ಸೇರಿಸಲಿ.